ಉಸಿರಿನ ಜೊತೆ ಏರಿಳಿಯುವ ನಾಡಿ: ಇಸಿಜಿಯಿಂದ ಫಿಟ್‌ನೆಸ್ ಪತ್ರದವರೆಗೆ

ಕಂಪನಿಯವರು ಮಾಡಿಸಿದ ಮೆಡಿಕಲ್ ಟೆಸ್ಟ್‌ನಲ್ಲಿ ನನ್ನ ಇಸಿಜಿ ಕಾಗದದ ಮೇಲ್ಗಡೆ ‘ಸೈನಸ್ ಬ್ರಾಡಿಕಾರ್ಡಿಯಾ ವಿತ್ ಸೈನಸ್ ಅರಿದ್ಮಿಯಾ’ ಅಂತ ಒಂದು ಸಾಲು ಬಂತು, ಅಂದರೆ ಬಡಿತ ನಿಧಾನ, ಬಡಿತಗಳ ನಡುವಿನ ಅಂತರವೂ ಹೆಚ್ಚುಕಮ್ಮಿ. ಆ ಒಂದು ಸಾಲಿಗೆ ನನ್ನ ಜಾಯಿನಿಂಗ್ ನಿಂತುಹೋಯಿತು. ಕೊನೆಗೆ ಗೊತ್ತಾಗಿದ್ದು ಇಷ್ಟು: ಹೃದಯಕ್ಕೆ ಏನೂ ಆಗಿಲ್ಲ. ಉಸಿರು ಎಳೆದುಕೊಂಡಾಗ ನಾಡಿ ಸ್ವಲ್ಪ ಜೋರಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಆದರೆ ಅದನ್ನು ಡಾಕ್ಟರ ಕೈಲಿ ಬರೆಸಿಕೊಂಡು ಕಂಪನಿಗೆ ಒಪ್ಪಿಸುವಷ್ಟರಲ್ಲಿ ವಾರಗಳೇ ಕಳೆದವು, ಐದು ಸಾವಿರ ಚಿಲ್ಲರೆ ಖರ್ಚಾಯಿತು, ಮನೆಯವರೆಲ್ಲ ನಿದ್ದೆಗೆಟ್ಟರು. ಈಗ ಎಲ್ಲ ಮುಗಿದಿದೆ. ಇದೇ ಸಾಲು ನೋಡಿ ಗಾಬರಿಯಾಗಿ ಕೂತಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಡಾಕ್ಟರು ನನಗೆ ಹೇಳಿದ್ದನ್ನು, ನಾನು ಕಂಡದ್ದನ್ನು ಹೇಳುತ್ತೇನೆ.

ನನಗೆ 26 ವರ್ಷ. ಊರು ಹಾಸನ ಜಿಲ್ಲೆ. ಕಾಲೇಜು ದಿನಗಳಿಂದ ಬೆಳಿಗ್ಗೆ ಓಡುವ ಅಭ್ಯಾಸ ಇದೆ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಆಫರ್ ಲೆಟರ್ ಬಂತು, ಜಾಯಿನ್ ಆಗುವ ಮೊದಲು ಅವರು ಹೇಳಿದ ಡಯಾಗ್ನೋಸ್ಟಿಕ್ ಸೆಂಟರ್‌ನಲ್ಲಿ ಟೆಸ್ಟ್ ಮಾಡಿಸಬೇಕು ಅಂದರು. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದರಿಂದ ರಾತ್ರಿ ಬಸ್ಸಿಗೆ ಹೊರಟು, ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದು, ಸೆಂಟರ್ ಬಾಗಿಲು ತೆರೆಯುವ ಮೊದಲೇ ಅಲ್ಲಿದ್ದೆ. ರಕ್ತ, ಮೂತ್ರ, ಎಕ್ಸ್‌ರೇ, ಕಣ್ಣು, ಬಿಪಿ, ಎಲ್ಲ ಆಗಿ ಕೊನೆಗೆ ಇಸಿಜಿ. ಎದೆಗೆ ತಣ್ಣನೆಯ ಜೆಲ್ ಹಚ್ಚಿ ಆರು ರಬ್ಬರ್ ಬಲ್ಬ್ ಅಂಟಿಸಿದರು, ಕೈಕಾಲಿಗೆ ನಾಲ್ಕು ಕ್ಲಿಪ್ ಹಾಕಿದರು. ಎಸಿ ಜೋರಾಗಿತ್ತು. ‘ರಿಲ್ಯಾಕ್ಸ್ ಆಗಿ, ಅಲ್ಲಾಡಬೇಡಿ’ ಅಂದರು ಟೆಕ್ನಿಷಿಯನ್. ನಾನು ಉದ್ದಕ್ಕೆ ಉಸಿರು ಎಳೆದು ನಿಧಾನಕ್ಕೆ ಬಿಡುತ್ತಾ ಮಲಗಿದೆ. ಸಾಮಾನ್ಯ ಇಸಿಜಿ ದಾಖಲಿಸುವುದು ಬರೀ 10 ಸೆಕೆಂಡನ್ನು. ನನ್ನ ಆ 10 ಸೆಕೆಂಡಿನಲ್ಲಿ ಒಂದು ದೊಡ್ಡ ಉಸಿರು ಒಳಗೆ ಹೋಗಿ ಹೊರಗೆ ಬಂದಿತ್ತು ಅಂತ ಕಾಣುತ್ತದೆ.

ಎರಡು ದಿನ ಬಿಟ್ಟು ಎಚ್‌ಆರ್‌ನಿಂದ ಮೇಲ್ ಬಂತು. ‘ಮೆಡಿಕಲ್ ಪೆಂಡಿಂಗ್, ಹೃದಯ ತಜ್ಞರ ಅಭಿಪ್ರಾಯ ಬೇಕು.’ ಜೊತೆಗೆ ರಿಪೋರ್ಟಿನ ಸ್ಕ್ಯಾನ್. ಸೆಂಟರ್‌ನ ಡಾಕ್ಟರ್ ಇಸಿಜಿಯ ಕೆಳಗೆ ಒಂದು ಸಾಲು ಗೀಚಿ ಸಹಿ ಹಾಕಿದ್ದರು. ನನ್ನನ್ನು ಅವರು ನೋಡಿರಲೇ ಇಲ್ಲ. ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಇಸಿಜಿ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿ ಬರುವ ಆ ಸಾಲುಗಳನ್ನು ಬರೆಯುವುದು ಮಿಷನ್. ಬಡಿತಗಳ ನಡುವಿನ ಅಂತರ ಅಳೆದು, ಹೆಚ್ಚುಕಮ್ಮಿ ಇದ್ದರೆ ಹಾಗಂತ ಹಾಕುತ್ತದೆ. ಡಾಕ್ಟರ್ ನೋಡಿ ಖಚಿತಪಡಿಸಬೇಕು ಅಂತಲೂ ಬಹಳ ಕಾಗದಗಳಲ್ಲಿ ಅದೇ ಮಿಷನ್ ಅಚ್ಚು ಹಾಕಿರುತ್ತದೆ. ನನ್ನ ಕಾಗದದಲ್ಲೂ ಇತ್ತು.

ಆದರೆ ಹಾಸನದ ಮನೆಯಲ್ಲಿ ಈ ಮಾತನ್ನು ಯಾರಿಗೆ ಹೇಳೋದು? 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗ ನಮ್ಮ ಬೀದಿಯ ಹುಡುಗರೆಲ್ಲ ಇಸಿಜಿ ಮಾಡಿಸಿಕೊಂಡು ಬಂದಿದ್ದರು. 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸಾವುಗಳೇ ದಿನಾ ಟಿವಿಯಲ್ಲಿ. ಸರ್ಕಾರ ತಜ್ಞರ ಸಮಿತಿ ಮಾಡಿತು, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತ್ತು. ಅದನ್ನೆಲ್ಲ ನೋಡಿದ ಅಮ್ಮನಿಗೆ ‘ಹಾರ್ಟ್ ಸ್ಪೆಷಲಿಸ್ಟ್ ನೋಡಬೇಕಂತೆ’ ಅನ್ನೋ ಮಾತು ಹೇಗೆ ಕೇಳಿಸಿರಬೇಕು ನೋಡಿ. ಊಟ ಬಿಟ್ಟು ಕೂತುಬಿಟ್ಟರು.

ಆ ರಾತ್ರಿ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಮಲಗಿದೆ. ಉಸಿರು ಎಳೆದಾಗ ಬಡಿತಗಳು ಹತ್ತಿರ ಹತ್ತಿರ ಬರುತ್ತಿದ್ದವು. ಬಿಡುವಾಗ ದೂರ ದೂರ. ಉಸಿರು ಪೂರ್ತಿ ಖಾಲಿಯಾಗುವ ಹೊತ್ತಿಗೆ ಮುಂದಿನ ಬಡಿತ ಬರುತ್ತದೋ ಇಲ್ಲವೋ ಅನ್ನಿಸುವಷ್ಟು ತಡ. ಹೆದರಿಕೆಗೆ ಉಸಿರು ಜೋರಾಯಿತು, ಬೆರಳ ತುದಿ ಜುಮ್ ಅಂದವು, ಎದೆ ಬಿಗಿದ ಹಾಗಾಯಿತು. ಹಾರ್ಟ್ ಅಟ್ಯಾಕ್ ಅಂದುಕೊಂಡು ಅಪ್ಪನನ್ನು ಎಬ್ಬಿಸಿದೆ. ಆ ಜುಮ್ ಯಾಕೆ ಅಂತ ಆಮೇಲೆ ಡಾಕ್ಟರ್ ಹೇಳಿದರು: ಗಾಬರಿಯಲ್ಲಿ ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಮ್ಮಿಯಾಗುತ್ತದೆ, ಅದಕ್ಕೆ ಬೆರಳು, ತುಟಿ ಜುಮ್ ಅನ್ನುತ್ತವೆ, ತಲೆ ಹಗುರಾಗುತ್ತದೆ. ಹಾಗಂತ ಎದೆ ಬಿಗಿತ ಬಂದವರೆಲ್ಲ ಇದು ಗಾಬರಿ ಅಂದುಕೊಂಡು ಸುಮ್ನೆ ಮಲಗಬಾರದು ಅಂತಲೂ ಅವರೇ ಖಡಾಖಂಡಿತವಾಗಿ ಹೇಳಿದರು.

ಮಾರನೇ ದಿನ ಮೊದಲು ಹೋಗಿದ್ದು ನಮ್ಮ ಮನೆಗೆ ಗೊತ್ತಿರುವ ಫಿಜಿಷಿಯನ್ ಹತ್ತಿರ. ಫೀಸ್ 300. ಅವರು ಇಸಿಜಿ ನೋಡುವ ಮೊದಲು ಬಹಳ ಪ್ರಶ್ನೆ ಕೇಳಿದರು. ಆ ಪ್ರಶ್ನೆಗಳು ನಿಮಗೂ ಬೇಕಾಗುತ್ತವೆ. ಎಂದಾದರೂ ಪ್ರಜ್ಞೆ ತಪ್ಪಿ ಬಿದ್ದಿದ್ದೀಯಾ, ಅದರಲ್ಲೂ ಓಡುವಾಗ, ಆಡುವಾಗ? ಮೆಟ್ಟಿಲು ಹತ್ತಿದರೆ ಎದೆ ನೋವು, ಏದುಸಿರು ಬರುತ್ತದಾ? ಸುಮ್ನೆ ಕೂತಿರುವಾಗ ಸ್ವಿಚ್ ಹಾಕಿದ ಹಾಗೆ ಎದೆ ಇದ್ದಕ್ಕಿದ್ದಂತೆ ಡವಡವ ಶುರುವಾಗಿ ತುಂಬಾ ಹೊತ್ತು ಹಾಗೇ ಇರುತ್ತದಾ? ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಿದ್ದಾರಾ? ಯಾವುದಾದರೂ ಮಾತ್ರೆ, ಎನರ್ಜಿ ಡ್ರಿಂಕ್, ಜಿಮ್ ಪೌಡರ್ ತಗೊಳ್ತೀಯಾ? ನನ್ನದು ಎಲ್ಲಕ್ಕೂ ಇಲ್ಲ. ಒಂದಕ್ಕೆ ಹೌದು ಅಂದಿದ್ದರೂ ಇವತ್ತೇ ಹೃದಯದ ಆಸ್ಪತ್ರೆಗೆ ಕಳಿಸುತ್ತಿದ್ದೆ ಅಂದರು. ಓಡುವಾಗ ಪ್ರಜ್ಞೆ ತಪ್ಪುವುದನ್ನು ಅವರು ಎಲ್ಲಕ್ಕಿಂತ ಗಂಭೀರವಾಗಿ ತಗೊಳ್ಳುತ್ತಾರಂತೆ. ಬಿಸಿಲಿಗೆ ತಲೆ ಸುತ್ತಿತು ಅಂತ ಅದನ್ನು ಮುಚ್ಚಿಡಬೇಡಿ.

ಆಮೇಲೆ ಸ್ಟೆತಸ್ಕೋಪ್ ಇಟ್ಟು ‘ಉಸಿರು ಹಿಡಿ’ ಅಂದರು. ಹಿಡಿದೆ. ಆ ಏರಿಳಿತ ನಿಂತೇ ಹೋಯಿತು, ಬಡಿತ ಒಂದೇ ಸಮ. ಬಿಡು ಅಂದರು, ಮತ್ತೆ ಶುರು. ನಾಡಿಯ ಏರಿಳಿತ ಉಸಿರಿಗೆ ಕಟ್ಟಿಬಿದ್ದಿದೆ ಅನ್ನುವುದಕ್ಕೆ ಅವರಿಗೆ ಅಷ್ಟು ಸಾಕಾಗಿತ್ತು. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಒಂದು ಸಲ ನೋಡೋಣ ಅಂತ ಬರೆದುಕೊಟ್ಟರು, ಎರಡಕ್ಕೂ ಸೇರಿ 450 ಆಯಿತು, ಎರಡೂ ಸರಿಯಿದ್ದವು. ‘ನನ್ನ ಪ್ರಕಾರ ನಿನಗೆ ಏನೂ ಇಲ್ಲ. ಆದರೆ ಕಂಪನಿಯವರು ತಜ್ಞರ ಪತ್ರವೇ ಬೇಕು ಅಂದಿದ್ದಾರೆ, ನನ್ನ ಪತ್ರ ನಡೆಯಲ್ಲ’ ಅಂದರು.

ತಜ್ಞರ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟವಾಯಿತು. ಒಂದು ಕಡೆ ಫೋನ್ ಮಾಡಿದರೆ ಡಾಕ್ಟರನ್ನು ನೋಡುವ ಮೊದಲೇ ಪ್ಯಾಕೇಜ್ ತಗೊಳ್ಳಿ ಅಂದರು. ಅದರಲ್ಲಿ ಎಕೋ (ಹೃದಯದ ಸ್ಕ್ಯಾನ್), ಟ್ರೆಡ್‌ಮಿಲ್, 24 ಗಂಟೆಯ ಹೋಲ್ಟರ್ (ಇಡೀ ದಿನ ಮೈಗೆ ಕಟ್ಟುವ ಇಸಿಜಿ) ಎಲ್ಲ ಇತ್ತು, ಸಿಟಿ ಆಂಜಿಯೋ (ಹೃದಯದ ರಕ್ತನಾಳಗಳ ಸ್ಕ್ಯಾನ್) ಕೂಡ ಸೇರಿಸಬಹುದು ಅಂತ ಒತ್ತಾಯ ಬೇರೆ. ನನಗೆ ಬಹಳ ಬೇಜಾರಾಯಿತು. ಹೆದರಿರುವ ಮನುಷ್ಯನಿಗೆ ಹೀಗೆ ಮಾರಬಾರದು. ಡಾಕ್ಟರ್ ನೋಡಿ ಇಂಥದ್ದು ಬೇಕು ಅಂತ ಬರೆದ ಮೇಲೆ ಟೆಸ್ಟ್ ಮಾಡಿಸಿ, ಅದಕ್ಕೂ ಮುಂಚೆ ದುಡ್ಡು ಕಟ್ಟಬೇಡಿ. ಕೊನೆಗೆ ಮೈಸೂರಿನ ಒಬ್ಬರು ತಜ್ಞರು ಮುಂದಿನ ವಾರಕ್ಕೆ ಸಿಕ್ಕರು. ಅಷ್ಟರಲ್ಲಿ ಎಚ್‌ಆರ್‌ಗೆ ಬರೆದು ಜಾಯಿನಿಂಗ್ ದಿನಾಂಕ ಮುಂದಕ್ಕೆ ಹಾಕಿಸಿಕೊಂಡೆ. ಇದನ್ನು ಫೋನಿನಲ್ಲಿ ಕೇಳಬೇಡಿ, ಮೇಲ್‌ನಲ್ಲೇ ಕೇಳಿ, ಮೇಲ್‌ನಲ್ಲೇ ಉತ್ತರ ತಗೊಳ್ಳಿ.

ಹೋಗುವಾಗ ಮೂಲ ಇಸಿಜಿ ಕಾಗದವನ್ನೇ ತಗೊಂಡು ಹೋಗಿ. ಸ್ಕ್ಯಾನ್ ಮಾಡಿದ ಕಾಪಿಯಲ್ಲಿ ಸಣ್ಣ ಚೌಕಗಳು ಕಾಣುವುದೇ ಇಲ್ಲ, ಆ ಚೌಕಗಳಿಲ್ಲದೆ ಡಾಕ್ಟರು ಏನನ್ನೂ ಎಣಿಸಲಾರರು. ಮೂಲ ಕಾಗದ ಕೊಡಲು ಸೆಂಟರ್‌ನವರು ಕಂಪನಿಯ ಅನುಮತಿ ಬೇಕು ಅಂದರು, ಕಂಪನಿಯವರು ಸೆಂಟರ್‌ನಲ್ಲೇ ಕೇಳಿ ಅಂದರು, ಇದರಲ್ಲೇ ಒಂದಷ್ಟು ದಿನ ಹೋಯಿತು. ಇನ್ನೊಂದು ಮಾತು, ಆ ಕಾಗದ ಥರ್ಮಲ್ ಕಾಗದ. ಬಿಸಿಲಿಗೆ, ಪ್ಲಾಸ್ಟಿಕ್ ಕವರ್ ಒಳಗೆ ಇಟ್ಟರೆ ಗೆರೆಗಳು ಮಾಸಿಹೋಗುತ್ತವೆ. ಸಿಕ್ಕ ದಿನವೇ ಒಳ್ಳೆ ಬೆಳಕಿನಲ್ಲಿ ಹತ್ತಿರದಿಂದ ಫೋಟೋ ತೆಗೆದಿಡಿ.

ಮೈಸೂರಿನಲ್ಲಿ ಟೋಕನ್ ತಗೊಂಡು ಕೂತರೆ ಮಧ್ಯಾಹ್ನ ದಾಟಿತು. ಪಕ್ಕದಲ್ಲಿ ಪಿರಿಯಾಪಟ್ಟಣದ ಕಡೆಯ ಒಬ್ಬ ತಾಯಿ ಏಳು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದರು. ಕೆಮ್ಮು ಅಂತ ತೋರಿಸಲು ಹೋದಾಗ ಬಡಿತ ಏರುಪೇರಿದೆ ಅಂತ ಕಳಿಸಿದ್ದರಂತೆ. ಆ ಮಗುವಿಗೂ ನನ್ನದೇ ಸಮಾಚಾರ. ಮಕ್ಕಳಲ್ಲಿ, ಹರೆಯದವರಲ್ಲಿ, ಚೆನ್ನಾಗಿ ವ್ಯಾಯಾಮ ಮಾಡುವವರಲ್ಲಿ ಇದು ಜಾಸ್ತಿ ಕಾಣುತ್ತದೆ, ವಯಸ್ಸಾಗುತ್ತಾ ಕಮ್ಮಿಯಾಗುತ್ತದೆ ಅಂತ ಒಳಗೆ ಹೋದ ಮೇಲೆ ಗೊತ್ತಾಯಿತು. ಆ ತಾಯಿ ಹೊರಗೆ ಬಂದಾಗ ಮುಖ ನೋಡಿಯೇ ನನಗೂ ಸ್ವಲ್ಪ ಧೈರ್ಯ ಬಂತು.

ತಜ್ಞರು ಹೊಸದಾಗಿ ಇಸಿಜಿ ತೆಗೆಸಿದರು. ಈ ಸಲ ಉದ್ದದ ಪಟ್ಟಿ. 5 ಸೆಕೆಂಡು ಎಳಿ, 5 ಸೆಕೆಂಡು ಬಿಡು ಅಂತ ತಾವೇ ಕೈಯಾಡಿಸುತ್ತಾ ಹೇಳಿದರು. ನಿಮಿಷಕ್ಕೆ ಆರು ಉಸಿರಿನ ಈ ವೇಗದಲ್ಲಿ ಏರಿಳಿತ ಚೆನ್ನಾಗಿ ಎದ್ದು ಕಾಣುತ್ತದಂತೆ. ಕೊನೆಗೆ ಉಸಿರು ಹಿಡಿಸಿದರು. ಪಟ್ಟಿಯನ್ನು ಮೇಜಿನ ಮೇಲೆ ಹಾಸಿ ಪೆನ್ನಿನಲ್ಲಿ ತೋರಿಸಿದರು. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಹಾಗಾಗಿ ಒಂದು ಸಣ್ಣ ಚೌಕ ಅಂದರೆ 0.04 ಸೆಕೆಂಡು. ಉಸಿರು ಎಳೆದುಕೊಳ್ಳುವಾಗ ನನ್ನ ಎರಡು ಬಡಿತಗಳ ನಡುವೆ 18 ಚೌಕ ಇದ್ದವು. ಒಂದು ನಿಮಿಷಕ್ಕೆ 1500 ಚೌಕ, ಅದನ್ನು 18ರಿಂದ ಭಾಗಿಸಿದರೆ ನಿಮಿಷಕ್ಕೆ 83 ಬಡಿತ. ಬಿಡುವಾಗ 27 ಚೌಕ, ಅಂದರೆ ನಿಮಿಷಕ್ಕೆ ಸುಮಾರು 56. ಉಸಿರು ಹಿಡಿದ ಕಡೆ ಚೌಕಗಳು ಹೆಚ್ಚುಕಮ್ಮಿ ಒಂದೇ. ಪ್ರತಿ ದೊಡ್ಡ ಮೊನೆಗೂ ಮುಂಚೆ ಒಂದು ಸಣ್ಣ ಉಬ್ಬು ಇತ್ತು. ಅದು ಪಿ ಅಲೆ. ‘ಎಲ್ಲ ಉಬ್ಬೂ ಒಂದೇ ಆಕಾರ, ಮೊನೆಗೆ ಒಂದೇ ದೂರ. ಅಂದರೆ ಎಲ್ಲ ಬಡಿತವೂ ಹುಟ್ಟಬೇಕಾದ ಜಾಗದಲ್ಲೇ ಹುಟ್ಟುತ್ತಿದೆ, ಬರಬೇಕಾದ ದಾರಿಯಲ್ಲೇ ಬರುತ್ತಿದೆ. ವೇಗ ಮಾತ್ರ ಬದಲಾಗುತ್ತಿದೆ.’

ಯಾಕೆ ಹಾಗೆ ಅಂತ ಕೇಳಿದೆ. ಅವಸರ ಮಾಡದೆ ಹೇಳಿದರು. ಹೃದಯದ ಬಲ ಮೇಲ್ಗೋಣೆಯಲ್ಲಿ ಸೈನಸ್ ನೋಡ್ ಅಂತ ಇದೆ, ಬಡಿತ ಶುರುವಾಗುವುದು ಅಲ್ಲಿ. ಮೆದುಳಿನ ಬುಡದಿಂದ ಬರುವ ವೇಗಸ್ ನರ ಅದಕ್ಕೆ ಬ್ರೇಕ್ ಇದ್ದ ಹಾಗೆ. ಉಸಿರು ಎಳೆಯುವಾಗ ಆ ಬ್ರೇಕ್ ಸಡಿಲಾಗುತ್ತದೆ, ಬಿಡುವಾಗ ಮತ್ತೆ ಒತ್ತುತ್ತದೆ. ಉಸಿರಾಟ ನಡೆಸುವ ಕೇಂದ್ರವೂ ಮೆದುಳಿನ ಅದೇ ಭಾಗದಲ್ಲಿರುವುದು ಒಂದು ಕಾರಣ. ಶ್ವಾಸಕೋಶ ಹಿಗ್ಗುವುದು, ಎದೆಗೂಡಿನ ಒತ್ತಡ ಬದಲಾಗಿ ಹೃದಯಕ್ಕೆ ವಾಪಸ್ಸು ಬರುವ ರಕ್ತ ಹೆಚ್ಚುಕಮ್ಮಿ ಆಗುವುದು, ಇವೂ ಸೇರುತ್ತವೆ. 1847ರಲ್ಲೇ ಕಾರ್ಲ್ ಲುಡ್ವಿಗ್ ಅನ್ನುವ ಜರ್ಮನ್ ವಿಜ್ಞಾನಿ ಇದನ್ನು ದಾಖಲಿಸಿದ್ದಾನೆ, ಹೊಸ ವಿಷಯ ಅಲ್ಲ ಅಂದರು. ನನಗೆ ಆಶ್ಚರ್ಯವಾದದ್ದು ಮುಂದಿನ ಮಾತು. ಸಕ್ಕರೆ ಕಾಯಿಲೆ ಬಹಳ ವರ್ಷ ಇದ್ದು ನರಗಳಿಗೆ ಪೆಟ್ಟು ಬಿದ್ದವರಲ್ಲಿ ಈ ಏರಿಳಿತ ಮಾಯವಾಗುತ್ತದಂತೆ. ಅದನ್ನು ಪತ್ತೆ ಮಾಡಲು ಇದೇ ನಿಮಿಷಕ್ಕೆ ಆರು ಉಸಿರಿನ ಟೆಸ್ಟ್ ಮಾಡುತ್ತಾರಂತೆ. ಎಳೆದಾಗಿನ ಮತ್ತು ಬಿಟ್ಟಾಗಿನ ವೇಗಕ್ಕೆ 15ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಚೆನ್ನಾಗಿದೆ ಅಂತ ಲೆಕ್ಕ, 10ಕ್ಕಿಂತ ಕಮ್ಮಿ ಇದ್ದರೆ ನರದ ತೊಂದರೆ ಇರಬಹುದು. ನನ್ನದು 27. ಯಾವುದನ್ನು ರೋಗ ಅಂತ ಅಷ್ಟು ದಿನ ಹೆದರಿದ್ದೆನೋ ಅದು ಇಲ್ಲದೇ ಹೋಗಿದ್ದರೆ ಡಾಕ್ಟರು ಯೋಚನೆ ಮಾಡುತ್ತಿದ್ದರು!

ನಾಡಿ 56ಕ್ಕೆ ಇಳಿಯುವುದು ಓಡುವವನಿಗೆ ಸಹಜ ಅಂದರು. 40ಕ್ಕಿಂತ ಕೆಳಗೆ ಹೋಗಿ ತಲೆ ಸುತ್ತು, ಸುಸ್ತು ಇದ್ದರೆ, ಇಲ್ಲಾ ಸುಮ್ನೆ ಕೂತಿದ್ದರೂ 120ರ ಮೇಲೇ ಇದ್ದರೆ ತಡ ಮಾಡದೆ ತೋರಿಸಬೇಕು. ಕಂಪನಿಗೆ ಅನುಮಾನ ಉಳಿಯದಿರಲಿ ಅಂತ ಎಕೋ ಮತ್ತು ಟ್ರೆಡ್‌ಮಿಲ್ ಬರೆದರು. ಹೋಲ್ಟರ್ ಬೇಡ, ಸುಮ್ನೆ ದುಡ್ಡು ದಂಡ ಅಂದರು. ಎಕೋ 1800, ಟ್ರೆಡ್‌ಮಿಲ್ 1500, ಅವರ ಫೀಸ್ 700. ಎಕೋದಲ್ಲಿ ಹೃದಯದ ಪಂಪಿಂಗ್ 62 ಶೇಕಡಾ, ಅಂದರೆ ಸರಿಯಿದೆ. ಟ್ರೆಡ್‌ಮಿಲ್‌ನಲ್ಲಿ ಮೂರು ಮೂರು ನಿಮಿಷಕ್ಕೆ ವೇಗವೂ ಏರೂ ಜಾಸ್ತಿಯಾಗುತ್ತದೆ. ಬಡಿತ ಮೇಲೆ ಹೋಗುತ್ತಿದ್ದಂತೆ ಆ ಏರಿಳಿತ ಕಾಣೆಯಾಯಿತು, ಪರದೆಯ ಮೇಲೆ ಗೆರೆಗಳು ಒಂದೇ ಅಂತರದಲ್ಲಿ ಓಡುತ್ತಿದ್ದವು. ಇಳಿದು ಕೂತು ಸುಧಾರಿಸಿಕೊಂಡ ಮೇಲೆ ನಿಧಾನಕ್ಕೆ ವಾಪಸ್ಸು ಬಂತು. ಟ್ರೆಡ್‌ಮಿಲ್‌ಗೆ ಹೋಗುವವರು ಶೂ ಹಾಕಿಕೊಂಡು ಹೋಗಿ, ಹೊಟ್ಟೆ ತುಂಬಾ ತಿಂದು ಹೋಗಬೇಡಿ.

ಇಷ್ಟಾದ ಮೇಲೆ ಕೆಲಸ ಮುಗಿಯಿತು ಅಂದುಕೊಂಡೆ, ಮುಗಿದಿರಲಿಲ್ಲ. ಡಾಕ್ಟರ್ ಬರೆದ ಪತ್ರದಲ್ಲಿ ‘ಉಸಿರಾಟಕ್ಕೆ ಸಂಬಂಧಿಸಿದ ಸಹಜ ಏರಿಳಿತ, ಚಿಕಿತ್ಸೆ ಬೇಕಿಲ್ಲ’ ಅಂತ ಇತ್ತು. ಕಂಪನಿಯವರು ಅದನ್ನು ವಾಪಸ್ಸು ಕಳಿಸಿದರು. ‘ಕೆಲಸಕ್ಕೆ ಫಿಟ್’ ಅನ್ನುವ ಮಾತು ಇಲ್ಲವಂತೆ, ಡಾಕ್ಟರ ನೋಂದಣಿ ಸಂಖ್ಯೆ ಇಲ್ಲವಂತೆ. ಜೊತೆಗೆ ಆಧಾರ್‌ನಲ್ಲಿ ನನ್ನ ಇನಿಷಿಯಲ್ ಹೆಸರಿನ ಹಿಂದೆ ಇದೆ, ಆಫರ್ ಲೆಟರ್‌ನಲ್ಲಿ ಅಪ್ಪನ ಹೆಸರು ಪೂರ್ತಿಯಾಗಿ ಕೊನೆಯಲ್ಲಿದೆ, ಆಸ್ಪತ್ರೆಯ ಚೀಟಿಯಲ್ಲಿ ಇನಿಷಿಯಲ್ಲೇ ಇಲ್ಲ. ಇವರು ಒಬ್ಬರೇನಾ ಅಂತ ಪ್ರಶ್ನೆ! ಮತ್ತೆ ಮೈಸೂರಿಗೆ ಹೋಗಿ ಕಾದು ಹೊಸ ಪತ್ರ ತಂದೆ. ದಯವಿಟ್ಟು ಆಸ್ಪತ್ರೆಯಲ್ಲಿ ಹೆಸರು ಬರೆಸುವಾಗಲೇ ಆಫರ್ ಲೆಟರ್‌ನಲ್ಲಿ ಇರುವ ಹಾಗೇ ಬರೆಸಿ. ಪತ್ರದಲ್ಲಿ ಏನೇನು ಇರಬೇಕು ಅಂತ ಮೊದಲೇ ಎಚ್‌ಆರ್‌ನಿಂದ ಬರಹದಲ್ಲಿ ತಗೊಂಡು ಅದನ್ನೇ ಡಾಕ್ಟರಿಗೆ ತೋರಿಸಿ. ಲೆಟರ್‌ಹೆಡ್, ಸೀಲ್, ಸಹಿ, ನೋಂದಣಿ ಸಂಖ್ಯೆ, ದಿನಾಂಕ, ಮತ್ತು ಫಿಟ್ ಅನ್ನುವ ನೇರ ಮಾತು. ನನಗೆ ಈ ಖರ್ಚನ್ನು ಕಂಪನಿ ಕೊಡಲಿಲ್ಲ. ಕೆಲವರು ಕೊಡುತ್ತಾರೆ, ಬಿಲ್ ಇಟ್ಟುಕೊಂಡಿರಿ.

ಆ ಎರಡನೇ ಪತ್ರಕ್ಕೆ ಉತ್ತರ ಕಾಯುವಾಗ ಮನೆಯಲ್ಲಿ ಎಲ್ಲರೂ ನಾಡಿ ನೋಡಿಕೊಳ್ಳುವುದು ಕಲಿತಿದ್ದರು. ತಂಗಿಯದು ನನ್ನ ಹಾಗೇ ಏರಿಳಿಯುತ್ತಿತ್ತು. ಅಪ್ಪನದು ಬೇರೆ. ಅಪ್ಪನಿಗೆ 63, ಬಿಪಿ ಮಾತ್ರೆ ತಗೊಳ್ಳುತ್ತಾರೆ. ಅವರ ಕೈ ಹಿಡಿದರೆ ಬಡಿತಕ್ಕೆ ಲೆಕ್ಕವೇ ಇಲ್ಲ. ಎರಡು ಬೇಗ, ಒಂದು ತಡ, ಮೂರು ಬೇಗ, ಒಂದು ಬೆರಳಿಗೆ ಸಿಗುವುದೇ ಇಲ್ಲ. ಉಸಿರು ಹಿಡಿ ಅಂದೆ. ಹಿಡಿದರೂ ಹಾಗೇ. ಉಸಿರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ‘ನನಗೇನೂ ಆಗಿಲ್ಲ, ತೋಟಕ್ಕೆ ಹೋಗಿ ಬರುತ್ತೇನಲ್ಲ’ ಅಂದರು. ಇತ್ತೀಚೆಗೆ ತೋಟದ ಏರಿ ಹತ್ತುವಾಗ ನಿಂತು ನಿಂತು ಹತ್ತುತ್ತಾರೆ ಅಂತ ಅಮ್ಮ ಆಗ ಹೇಳಿದರು.

ಮಾರನೇ ಬೆಳಿಗ್ಗೆಯೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ತೆಗೆಸಿದೆವು. ಪಿ ಅಲೆ ಇರಲಿಲ್ಲ, ಮೊನೆಗಳ ಅಂತರ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಏಟ್ರಿಯಲ್ ಫಿಬ್ರಿಲೇಷನ್ ಅಂದರು. ಮೇಲ್ಗೋಣೆಗಳು ಸರಿಯಾಗಿ ಹಿಂಡದೆ ಅದುರುತ್ತಿರುತ್ತವೆ, ರಕ್ತ ಅಲ್ಲಿ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಎಷ್ಟೋ ಜನಕ್ಕೆ ಇದು ಇರುವುದೇ ಗೊತ್ತಿರುವುದಿಲ್ಲವಂತೆ. ಅಪ್ಪನಿಗೆ ಎಕೋ, ಥೈರಾಯ್ಡ್, ಕಿಡ್ನಿ ಟೆಸ್ಟ್ ಆಗಿ, ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ, ಬಡಿತದ ವೇಗಕ್ಕೆ ಇನ್ನೊಂದು ಮಾತ್ರೆ ಶುರುವಾಗಿದೆ. ಅವರು ರಾತ್ರಿ ಗೊರಕೆ ಹೊಡೆದು ಮಧ್ಯೆ ಉಸಿರು ಕಟ್ಟಿ ಎದ್ದು ಕೂರುತ್ತಾರೆ ಅಂತ ಹೇಳಿದಾಗ ಡಾಕ್ಟರು ಅದನ್ನೂ ಬರೆದುಕೊಂಡರು. ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆಗೂ ಈ ಕಾಯಿಲೆಗೂ ನಂಟಿದೆ, ನಿದ್ದೆಯ ಟೆಸ್ಟ್ ಮಾಡಿಸೋಣ ಅಂದಿದ್ದಾರೆ.

ಹಾಗಾಗಿ ಮನೆಯಲ್ಲಿ ಹಿರಿಯರಿದ್ದರೆ ಒಂದು ನಿಮಿಷ ಅವರ ಕೈ ಹಿಡಿದು ನೋಡಿ. ಉಸಿರಿನ ಜೊತೆ ಹೋಗದ, ಯಾವ ಲೆಕ್ಕಕ್ಕೂ ಸಿಗದ ಬಡಿತ ಇದ್ದರೆ ಹುಷಾರಾಗಿದ್ದರೂ ಇಸಿಜಿ ಮಾಡಿಸಿ. ಕೈಗೆ ಕಟ್ಟುವ ಸ್ಮಾರ್ಟ್ ವಾಚ್ ಬಡಿತ ಏರುಪೇರಿದೆ ಅಂತ ಎಚ್ಚರಿಕೆ ಕೊಟ್ಟರೂ ಅಷ್ಟೇ, ಆ ದಾಖಲೆ ಇಟ್ಟುಕೊಂಡು ಡಾಕ್ಟರ ಹತ್ತಿರ ಹೋಗಿ. ಎದೆ ನೋವು ಬಂದು ಬೆವರಿದರೆ, ಬಾಯಿ ಸೊಟ್ಟಗಾದರೆ, ಒಂದು ಕಡೆ ಕೈ ಬಿದ್ದುಹೋದರೆ, ಪ್ರಜ್ಞೆ ತಪ್ಪಿದರೆ ಅಪಾಯಿಂಟ್‌ಮೆಂಟ್ ಹುಡುಕಬೇಡಿ, 108ಕ್ಕೆ ಫೋನ್ ಮಾಡಿ. ಎದೆ ನೋವಿಗೆ ತಾಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ ಚಿಕಿತ್ಸೆ ಶುರು ಮಾಡುವ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದು ನಡೆಯುತ್ತಿದೆ ಅಂತ ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಪ್ರಾಣಾಯಾಮ ಮಾಡಬಹುದಾ ಅಂತ ನಾನು ಕೇಳಿದ್ದಕ್ಕೆ, ಧಾರಾಳವಾಗಿ ಮಾಡು ಅಂದರು. ಅಪ್ಪನಿಗೆ ಮಾತ್ರ ಉಸಿರು ಕಟ್ಟಿ ಹಿಡಿಯುವುದು, ಜೋರಾಗಿ ಕಪಾಲಭಾತಿ ಮಾಡುವುದು ಸದ್ಯಕ್ಕೆ ಬೇಡ, ನಿಧಾನದ ಉಸಿರಾಟ ಸಾಕು ಅಂತ ಹೇಳಿದ್ದಾರೆ.

ನನ್ನ ಪತ್ರಕ್ಕೆ ಕೊನೆಗೂ ‘ಕ್ಲಿಯರ್ಡ್’ ಅಂತ ಉತ್ತರ ಬಂತು, ಬರುವ ಸೋಮವಾರ ಜಾಯಿನ್ ಆಗುತ್ತಿದ್ದೇನೆ. ಅಪ್ಪನಿಗೆ ಮುಂದಿನ ತಿಂಗಳು ಮತ್ತೆ ತಪಾಸಣೆ. ಅವರು ತಗೊಳ್ಳುವ ಮಾತ್ರೆ ರಕ್ತ ತೆಳುವಾಗಿಸುವುದರಿಂದ ಹಲ್ಲು ಕೀಳಿಸುವುದಿದ್ದರೂ ಮೊದಲೇ ಹೇಳಬೇಕು, ಮಂಡಿ ನೋವಿಗೆ ಅಂತ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬಾರದು, ಒಂದು ಹೊತ್ತೂ ತಪ್ಪಿಸಬಾರದು. ಇದನ್ನು ಒಂದು ಚೀಟಿಯಲ್ಲಿ ಬರೆದು ಅಮ್ಮ ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ್ದಾರೆ. ಇನ್ನೊಂದು ಚೀಟಿ ಅಪ್ಪನ ಜೇಬಿನಲ್ಲಿ, ಆಧಾರ್ ಕಾರ್ಡಿನ ಜೊತೆ ಇದೆ.